ಕರ್ನಲ್ ಪ್ಯಾನಿಕ್ ಆಗುತ್ತಿದೆ, ಕೆಡಂಪ್ ಹಾಕಿದ್ದರೂ ಡಂಪ್ ಫೈಲ್ ಉಳಿಯುತ್ತಿಲ್ಲ

ಪ್ರಶ್ನೆ

ಮನೆಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿದ ಹಳೆ ಡೆಸ್ಕ್‌ಟಾಪ್ ಇದೆ, 8 ಜಿಬಿ ರ‍್ಯಾಮ್. ಹದಿನೈದು ವರ್ಷದ ಫೋಟೊಗಳೆಲ್ಲ ಅದರಲ್ಲೇ ಇವೆ. ಎರಡು ಮೂರು ದಿನಕ್ಕೊಮ್ಮೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕ್ಯಾಪ್ಸ್ ಲಾಕ್ ದೀಪ ಮಿಣಮಿಣ ಅನ್ನುತ್ತಿರುತ್ತದೆ. ಅದು ಪ್ಯಾನಿಕ್ (ಸಿಸ್ಟಂನ ತಿರುಳಾದ ಕರ್ನಲ್ ಮುಂದುವರಿಯಲಾಗದೆ ನಿಲ್ಲುವುದು) ಗುರುತು ಅಂತ ತಿಳಿದ ಮೇಲೆ ಬಿದ್ದ ಕ್ಷಣದ ಮೆಮರಿಯನ್ನು ಡಂಪ್ ಫೈಲಾಗಿ ಉಳಿಸುವ ಕೆಡಂಪ್-ಟೂಲ್ಸ್ ಹಾಕಿ, ಬೂಟ್ ಮಾಡಿಸುವ ಗ್ರಬ್‌ನಲ್ಲಿ ಕ್ರ್ಯಾಶ್‌ಕರ್ನಲ್ 128 ಎಂಬಿ ಅಂತ ಕೊಟ್ಟೆ (ಡಂಪ್ ಉಳಿಸುವ ಎರಡನೇ ಕರ್ನಲ್‌ಗೆ ಕಾದಿರಿಸುವ ಮೆಮರಿ). ಈಗ ದೀಪ ಮಿನುಗುವುದಿಲ್ಲ. ಪರದೆ ಹಾಗೇ ನಿಲ್ಲುತ್ತದೆ, ರೀಬೂಟ್ ಕೂಡ ಆಗುವುದಿಲ್ಲ. ವಾರ್ ಒಳಗಿನ ಕ್ರ್ಯಾಶ್ ಫೋಲ್ಡರ್ ಖಾಲಿ.

ಉತ್ತರ

ದೀಪ ಮಿನುಗದೆ ಇರುವುದು ಒಳ್ಳೆಯ ಸುಳಿವು. ಪ್ಯಾನಿಕ್ ಆದಾಗ ಕರ್ನಲ್ ದೀಪ ಮಿನುಗಿಸುವ ಮೊದಲೇ ಕೆಎಕ್ಸೆಕ್ (ಮಶೀನ್ ರೀಬೂಟ್ ಮಾಡದೆ ಬೇರೆ ಕರ್ನಲ್ ಏಳಿಸುವ ವ್ಯವಸ್ಥೆ) ಮೂಲಕ ಎರಡನೇ ಕರ್ನಲ್‌ಗೆ ಜಿಗಿಯುತ್ತದೆ. ಅಂದರೆ ನಿಮ್ಮಲ್ಲಿ ಜಿಗಿತ ಆಗಿದೆ, ಎರಡನೆಯದು ಎಲ್ಲೋ ಎಡವುತ್ತಿದೆ. ಸಿಸ್ ಒಳಗಿನ ಕರ್ನಲ್ ಫೋಲ್ಡರಿನಲ್ಲಿ ಕೆಎಕ್ಸೆಕ್_ಕ್ರ್ಯಾಶ್_ಲೋಡೆಡ್ ಫೈಲ್ ನೋಡಿ, 1 ಅಂತಿರಬೇಕು, ಅಂದರೆ ಎರಡನೇ ಕರ್ನಲ್ ಸಿದ್ಧವಾಗಿದೆ ಅಂತ.

ಎರಡನೇ ಕರ್ನಲ್‌ಗೆ ಸಿಗುವುದು ಮೊದಲೇ ಕಾದಿರಿಸಿದ ಜಾಗ ಮಾತ್ರ. ಉಳಿದ ರ‍್ಯಾಮ್ ಅನ್ನು ಅದು ಮುಟ್ಟುವುದಿಲ್ಲ, ಯಾಕೆಂದರೆ ನಮಗೆ ಬೇಕಾದ ಸಾಕ್ಷಿ ಇರುವುದೇ ಅಲ್ಲಿ. 128 ಎಂಬಿಯಲ್ಲಿ ಕರ್ನಲ್, ಬೂಟ್ ಶುರುವಿಗೆ ಬೇಕಾದ ಫೈಲುಗಳ ಕಟ್ಟಾದ ಇನಿಟ್‌ರ‍್ಯಾಮ್‌ಎಫ್‌ಎಸ್, ಡ್ರೈವರ್‌ಗಳು ಎಲ್ಲ ಹಿಡಿಯಬೇಕು ಅಲ್ವಾ? ನನ್ನ ಅನುಮಾನ ಅದರ ಮೇಲೇ.

ಆದರೂ ಸುಮ್ನೆ ಊಹೆ ಬೇಡ. ಪರದೆಯನ್ನೂ ನಂಬಬೇಡಿ, ಎರಡನೇ ಕರ್ನಲ್‌ನಲ್ಲಿ ಅದು ಬಹಳ ಸಲ ಏನೂ ತೋರಿಸುವುದಿಲ್ಲ. ಹಳೆ ಮದರ್‌ಬೋರ್ಡ್ ಅಂದರೆ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಇರುತ್ತದೆ. ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಕನ್ಸೋಲನ್ನು (ಕರ್ನಲ್ ಸಂದೇಶಗಳನ್ನು) 115200 ವೇಗದಲ್ಲಿ ಅಲ್ಲಿಗೆ ತಿರುಗಿಸಿ. ಕೆಲಸವೆಲ್ಲ ಉಳಿಸಿ, ಸಿಂಕ್ (ಬಾಕಿ ಇರುವುದನ್ನು ಡಿಸ್ಕಿಗೆ ಬರೆಸುವ ಆಜ್ಞೆ) ಕೊಟ್ಟು, ಪ್ರಾಕ್ ಒಳಗಿನ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲಿಗೆ ರೂಟ್ ಆಗಿ ಸಿ ಅಕ್ಷರ ಬರೆಯಿರಿ. ಮಶೀನ್ ಆ ಕ್ಷಣವೇ ಬೀಳುತ್ತದೆ. ಹೀಗೆ ಬೇಕಂತಲೇ ಒಮ್ಮೆ ಬೀಳಿಸಿ ನೋಡದ ಕೆಡಂಪ್ ಮೇಲೆ ನನಗೆ ಭರವಸೆ ಇಲ್ಲ.

ಕೇಳಿದವರು

ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ನೋಡುತ್ತಾ ಕೂತೆ. ಎರಡನೇ ಕರ್ನಲ್ ಏಳುವುದು ಸಾಲು ಸಾಲಾಗಿ ಕಾಣಿಸಿತು. ಆಮೇಲೆ ‘ಔಟ್ ಆಫ್ ಮೆಮರಿ’ ಅಂತ ಒಂದೊಂದೇ ಪ್ರೋಸೆಸ್ ಕೊಂದಿತು. ಕೊನೆಯ ಸಾಲು: ‘ಸಿಸ್ಟಂ ಈಸ್ ಡೆಡ್‌ಲಾಕ್ಡ್ ಆನ್ ಮೆಮರಿ’. 256 ಎಂಬಿ ಮಾಡಿ, ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್ ಮಾಡಿದೆ. ಮತ್ತೆ ಬೀಳಿಸಿದೆ. ಈ ಸಲ ಡಂಪ್ ಬಂತು! ಆದರೆ 8 ಜಿಬಿಗೆ ಬರೀ 140 ಎಂಬಿ ಇದೆ. ಅರ್ಧಕ್ಕೇ ನಿಂತಿತೇ?

ಉತ್ತರ

ಇಲ್ಲ, ಪೂರ್ತಿ ಇದೆ. ಡಂಪ್ ಬರೆಯುವ ಟೂಲ್ ಆದ ಮೇಕ್‌ಡಂಪ್‌ಫೈಲ್‌ಗೆ ಡಂಪ್ ಲೆವೆಲ್ 31 ಕೊಟ್ಟಾಗ ಸೊನ್ನೆ ತುಂಬಿದ ಮೆಮರಿ ಪುಟ, ಕ್ಯಾಶ್, ಬಳಕೆದಾರರ ಪ್ರೋಗ್ರಾಂ ಡೇಟಾ, ಖಾಲಿ ಪುಟ ಎಲ್ಲ ಬಿಟ್ಟು, ಉಳಿದದ್ದನ್ನು ಒತ್ತಿ ಚಿಕ್ಕದು ಮಾಡುತ್ತದೆ. ಇನ್ನು ನಿಜವಾದ ಪ್ಯಾನಿಕ್‌ಗೆ ಕಾಯಿರಿ. ಡಂಪ್ ತೆರೆಯಲು ಕ್ರ್ಯಾಶ್ ಟೂಲ್ ಬೇಕು, ಜೊತೆಗೆ ಬಿದ್ದ ಕರ್ನಲ್‌ನದೇ ಆವೃತ್ತಿಯ ಡಿಬಗ್ ಪ್ಯಾಕೇಜ್. ಒಂದು ಅಂಕಿ ಆಚೀಚೆ ಆದರೂ ಆಗದು. ಒಳಗೆ ಮೊದಲು ಲಾಗ್, ಆಮೇಲೆ ಬಿಟಿ (ಬೀಳುವಾಗ ಯಾವ ಕೋಡ್ ನಡೆಯುತ್ತಿತ್ತು ಅಂತ ತೋರಿಸುವ ಆಜ್ಞೆ).

ಕೇಳಿದವರು

ನಿನ್ನೆ ರಾತ್ರಿ ಬಿತ್ತು, ತಾನೇ ಎದ್ದಿತು. ಬಿಟಿ ತೋರಿಸಿದ್ದು ನಾನು ಹೊರಗಿನಿಂದ ತಂದು ಕಂಪೈಲ್ ಮಾಡಿದ ವೈಫೈ ಡಾಂಗಲ್ ಮಾಡ್ಯೂಲನ್ನು (ಡ್ರೈವರ್). ಲಾಗಿನ ‘ಟೇಂಟೆಡ್’ ಸಾಲಿನಲ್ಲಿ ಓ ಅಕ್ಷರವೂ ಇದೆ, ಅಂದರೆ ಹೊರಗಿನ ಮಾಡ್ಯೂಲ್ ಸೇರಿದೆ ಅಂತ. ಅದನ್ನು ಕಿತ್ತು ಈಥರ್ನೆಟ್ ಎಳೆದಿದ್ದೇನೆ. ಮಾಡ್ಯೂಲ್ ಬರೆದವರಿಗೆ ಡಂಪ್ ಕಳಿಸಲೇ?

ಉತ್ತರ

ಲಾಗ್ ಮತ್ತು ಬಿಟಿ ಮಾತ್ರ ಕಳಿಸಿ. ಡಂಪ್ ಫೈಲ್ ನಿಮ್ಮ ಹತ್ತಿರವೇ ಇರಲಿ. ಕರ್ನಲ್ ಮೆಮರಿಯಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಕೀ ಥರದ್ದು ಇರಬಹುದು, ಲೆವೆಲ್ 31 ಅದನ್ನು ತೆಗೆಯುವುದಿಲ್ಲ.