ಓದುಗರ ಸ್ಪಂದನ: ‘ಅವ್ವನ ಕಾಲು ಮುರಿದದ್ದು ನನ್ನಿಂದಲೇ’

ಕಳೆದ ಸಲದ ಪತ್ರ ಧಾರವಾಡದ ಗೃಹಿಣಿಯದು. ಡಿಸೆಂಬರ್ ಕೊನೆಯ ವಾರ ಅಳ್ನಾವರದ ತವರಿನಿಂದ ನಸುಕಿನಲ್ಲೇ ಹೊರಟ ಅವರ ಕಾರು, ಮಂಜಿನಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಬಡಿಯಿತು. ಮುಂದೆ ಕುಳಿತಿದ್ದ ಅತ್ತೆಯ ತೊಡೆಯ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಪೊಲೀಸ್ ಕೇಸು ಆಗಿದ್ದು ಕಾರು ಓಡಿಸುತ್ತಿದ್ದ ಗಂಡನ ಮೇಲೆ. ಅವ್ವನ ಕಾಲು ಮುರಿದದ್ದು ತನ್ನಿಂದಲೇ ಎಂದುಕೊಂಡು ಅಂದಿನಿಂದ ಅವರು ಸ್ಟೀರಿಂಗ್ ಮುಟ್ಟಿಲ್ಲ, ತಾಯಿಯ ಕೋಣೆಗೂ ಹೆಚ್ಚು ಹೋಗುವುದಿಲ್ಲ. ಟ್ರ್ಯಾಕ್ಟರ್ ಮಾಲೀಕ ತವರೂರಿನವನೇ. ಮೂವತ್ತು ಸಾವಿರ ಕೊಡುತ್ತೇನೆ, ರಾಜಿಯಾಗಿ ಎನ್ನುತ್ತಿದ್ದಾನೆ. ಪರಿಹಾರಕ್ಕೆ ಹೋದರೆ ಗಂಡನ ತಪ್ಪನ್ನೇ ಊರಿಗೆಲ್ಲ ಸಾರಿದಂತೆ ಆಗುವುದಿಲ್ಲವೇ ಎಂದು ಕೇಳಿದ್ದರು.

*

ತಂಗೀ, ನಾನು ಇಪ್ಪತ್ತೆರಡು ವರ್ಷದಿಂದ ವಕೀಲರೊಬ್ಬರ ಹತ್ತಿರ ಗುಮಾಸ್ತ. ಅಪಘಾತದ ಫೈಲು ಹೊತ್ತು ಹೊತ್ತು ಭುಜ ಸವೆದಿದೆ. ಮೊದಲು ಒಂದು ಮಾತು ತಿಳಿದುಕೋ: ಪರಿಹಾರದ ಕೇಸು ನಿನ್ನ ಗಂಡನದಲ್ಲ, ಅತ್ತೆಯದು. ಅವರು ಕಾರಿನಲ್ಲಿ ಸುಮ್ಮನೆ ಕುಳಿತಿದ್ದವರು. ಎರಡು ವಾಹನಗಳ ತಪ್ಪಿನಿಂದ ಪ್ರಯಾಣಿಕನಿಗೆ ಪೆಟ್ಟಾದರೆ, ಆತ ಆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಮಗನ ಪಾಲಿನ ತಪ್ಪನ್ನು ತಾಯಿಯ ದುಡ್ಡಿನಲ್ಲಿ ಮುರಿದುಕೊಳ್ಳುವಂತಿಲ್ಲ. ಎಫ್‌ಐಆರ್ ನಿನ್ನ ಗಂಡನ ಮೇಲಿದೆ ಎಂದಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ, ಅಪಘಾತ ಪರಿಹಾರದ ನ್ಯಾಯಮಂಡಳಿ ಬೇರೆಯಾಗಿಯೇ ಸಾಕ್ಷಿ ನೋಡುತ್ತದೆ. ವಾಹನವನ್ನು ಅಪಾಯವಾಗುವ ಹಾಗೆ ರಸ್ತೆಯಲ್ಲಿ ಬಿಡುವುದೂ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ ತಪ್ಪೇ.

ಆದರೆ ದಿನ ಎಣಿಸು. ಪರಿಹಾರದ ಅರ್ಜಿಗೆ ಅಪಘಾತವಾದ ದಿನದಿಂದ ಆರು ತಿಂಗಳು ಎಂಬ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ತಡವಾದರೂ ಮುಂದೆ ವಾದ ಮಾಡಬಹುದು ಎಂದು ಯಾರು ಹೇಳಿದರೂ ಕೇಳಬೇಡ, ಜೂನ್ ಕೊನೆಯ ವಾರಕ್ಕೆ ಮೊದಲೇ ಹಾಕಿಬಿಡು. ಧಾರವಾಡದಲ್ಲಿ ಇರುವವರು ಧಾರವಾಡದಲ್ಲೇ ಹಾಕಬಹುದು. ಪಂಚನಾಮೆ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಚೀಟಿ, ಔಷಧಿ ಅಂಗಡಿಯ ಸಣ್ಣ ಸಣ್ಣ ಬಿಲ್ಲು ಕೂಡ ಎತ್ತಿಡು. ಟ್ರ್ಯಾಕ್ಟರ್ ಎಂಜಿನ್ನಿಗೆ ಒಂದು ನಂಬರ್, ಟ್ರೇಲರ್‌ಗೆ ಇನ್ನೊಂದು ಇರುತ್ತದೆ. ಎರಡಕ್ಕೂ ಇನ್ಶೂರೆನ್ಸ್ ಇದೆಯೇ ಎಂದು ನೋಡಿಸು. ಆ ಮಾಲೀಕ ಮೂವತ್ತು ಸಾವಿರಕ್ಕೆ ಇಷ್ಟು ಅವಸರ ಮಾಡುವುದು ನೋಡಿದರೆ ನನಗೆ ಅಲ್ಲೇ ಸಂಶಯ. ರಾಜಿ ಬೇಡವೆನ್ನುವುದಿಲ್ಲ. ಆದರೆ ಗುಡಿಕಟ್ಟೆಯ ಮೇಲೆ ಬೇಡ, ಲೋಕ ಅದಾಲತ್‌ನಲ್ಲಿ ಆಗಲಿ.
– ಗುಮಾಸ್ತ, ಹುಬ್ಬಳ್ಳಿ

*

ನಾನಾಗಿದ್ದರೆ ಆ ಮೂವತ್ತು ಸಾವಿರ ಇಸಿದುಕೊಂಡು ಸುಮ್ಮನಾಗುತ್ತಿದ್ದೆ. ತಮ್ಮನ ಕೇಸಿಗೆ ಆರು ವರ್ಷ ಅಲೆದಿದ್ದೇನೆ. ತವರೂರಿಗೆ ನಾಳೆ ಹೋಗಬೇಕಾದವರು ನೀವು.
– ಓದುಗ, ರಾಣೆಬೆನ್ನೂರು

*

ಅಕ್ಕಾರ, ನಾ ಕಬ್ಬಿನ ಟ್ರ್ಯಾಕ್ಟರ್ ಹೊಡಿಯಾಂವ. ಮಗಳ ಕೈಲೆ ಬರಸಾಕತ್ತೀನಿ. ನಿಮ್ಮ ಪತ್ರ ಓದಿ ಎದಿ ಝಲ್ ಅಂತು, ಯಾಕಂದ್ರ ಆ ಟ್ರೇಲರ್ ನಂದೂ ಆಗಿರಬಹುದಿತ್ತು. ಸೀಜನ್‌ದಾಗ ಎರಡೆರಡು ಟ್ರೇಲರ್ ಕಟಗೊಂಡು ರಾತ್ರಿ ಹೊಂಡತೀವಿ. ಹಿಂದಿನ ಲೈಟಿನ ವೈರ್ ಲೋಡ್ ಮಾಡೂಮುಂದ ಹರದಿರತೈತಿ, ಯಾರೂ ಜೋಡಸಂಗಿಲ್ಲ. ರೇಡಿಯಂ ಪಟ್ಟಿ ಇದ್ರೂ ಕಬ್ಬಿನ ಸೋಗಿ ಇಳಿಬಿದ್ದು ಮುಚ್ಚಿಬಿಡತೈತಿ. ಪಂಕ್ಚರ್ ಆದ್ರ ಗಾಲಿಗೆ ಕಲ್ಲ ಕೊಟ್ಟು, ಹಿಂದ ನಾಕ ಮಾರಿನ ಮ್ಯಾಲೆ ಒಂದ ಟೊಂಗಿ ಮುರದ ಒಗಿತೀವಿ. ಮಂಜಿನ್ಯಾಗ ಟೊಂಗಿ ಯಾರಿಗೆ ಕಾಣಬೇಕ್ರಿ? ಕಾರಖಾನಿ ಮುಂದ ಪಾಳಿ ಹಚ್ಚಿ ಹಚ್ಚಿ ನಿದ್ದಿ ಇರಂಗಿಲ್ಲ, ಬಗಲಿಗೆ ತಗೀಬೇಕನ್ನೂ ಖಬರ ಸುದ್ದಾ ಇರಂಗಿಲ್ಲ.

ನಾ ಈಗ ಖಾಲಿ ಗೊಬ್ಬರದ ಚೀಲಕ್ಕ ರೇಡಿಯಂ ಹೊಲಿಸೀನಿ. ಲೋಡ್ ಆದ ಮ್ಯಾಲೆ ಹಿಂದ ಕಬ್ಬಿನ ಮ್ಯಾಲೆ ಇಳಿಬಿಟ್ಟು ಹಗ್ಗಾ ಬಿಗಿತೀನಿ. ನಮ್ಮ ಗ್ಯಾಂಗಿನವ್ರು ನಗತಾರ. ನಗಲಿ. ನಿಮ್ಮ ಯಜಮಾನ್ರಿಗೆ ಹೇಳ್ರಿ, ಕಬ್ಬಿನ ಡ್ರೈವರ್ ಒಬ್ಬಾಂವ ಕೈ ಮುಗದಾನ ಅಂತ.
– ಚಾಲಕ, ಮುಂಡರಗಿ

*

ನಿಮ್ಮ ಮನೆಯವರದು ಏನೂ ತಪ್ಪಿಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಿರಬಹುದು. ನಾನು ಹೇಳಲಾರೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು, ಲೆಕ್ಕ ಮಾಡಿದೆ. ಗಂಟೆಗೆ 50 ಕಿ.ಮೀ. ವೇಗ ಎಂದು ಬರೆದಿದ್ದೀರಿ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣಿಗೆ ಕಂಡು ಕಾಲು ಬ್ರೇಕ್ ಮೇಲೆ ಹೋಗುವುದಕ್ಕೇ ಒಂದು ಸೆಕೆಂಡ್ ಬೇಕು. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ದೂರ. ಇಬ್ಬನಿ ಬಿದ್ದ ಡಾಂಬರಾದರೆ ಇನ್ನೂ ಹೆಚ್ಚು. ಇಪ್ಪತ್ತು ಮೀಟರ್ ಕಾಣುವ ಮಂಜಿನಲ್ಲಿ ಆ ವೇಗಕ್ಕೆ ಯಾರೂ ನಿಲ್ಲಿಸಲಾರರು. ಮೂವತ್ತರಲ್ಲಿ ಇದ್ದಿದ್ದರೆ ಪ್ರಾಯಶಃ ನಿಲ್ಲುತ್ತಿತ್ತು. ಹಾಗಾಗಿ ಅವರಿಗೊಂದು ಪಾಲಿದೆ. ಪಾಲು ಅಷ್ಟೇ, ಪೂರ್ತಿ ಅಲ್ಲ. ಆ ಟ್ರೇಲರ್ ಹಿಂದೆ ಒಂದು ಕೆಂಪು ದೀಪ ಉರಿಯುತ್ತಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಅವರು ಹೊತ್ತುಕೊಂಡಿರುವುದು ಪೂರ್ತಿಯನ್ನು, ನನಗೆ ಕಾಣುವ ತೊಂದರೆ ಅದು. (ಅಂದಹಾಗೆ, ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ. ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಡಿಯುತ್ತದೆ. ಡಿಮ್‌ನಲ್ಲೇ ನಿಧಾನ ಹೋಗಬೇಕು.)
– ನಿವೃತ್ತ ಶಿಕ್ಷಕ, ಗದಗ

*

ತಿಂಗಳು ಕಳೆದರೂ ನಿಮ್ಮ ಯಜಮಾನರು ನಿದ್ದೆಯಲ್ಲಿ ಬ್ರೇಕ್ ಒತ್ತಿದಂತೆ ಕಾಲು ಒದೆಯುತ್ತಾರೆ ಎಂದು ಬರೆದಿದ್ದೀರಿ. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮೂರಿನಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆಯಲ್ಲ. ಹಳೆಯ ಜನ ಅದನ್ನು ಇನ್ನೂ ಹುಚ್ಚರ ದವಾಖಾನೆ ಎನ್ನುತ್ತಾರೆ, ಆ ಮಾತಿಗೆ ಹೆದರಿ ಬಾಗಿಲವರೆಗೆ ಬಂದು ವಾಪಸ್ ಹೋದವರನ್ನು ಬಲ್ಲೆ. ಹೋಗಲು ಒಪ್ಪದಿದ್ದರೆ 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ.
– ಆಪ್ತಸಮಾಲೋಚಕಿ, ಧಾರವಾಡ

*

ಅಕ್ಕಾ, ನಮ್ಮ ಕಡೆ ಸುಗ್ಗಿಯಲ್ಲಿ ಗೋವಿನಜೋಳವನ್ನು ರಸ್ತೆಯ ಮೇಲೇ ಒಣಹಾಕುತ್ತಾರೆ, ಕಾಳು ಚೆದುರದಂತೆ ಸುತ್ತ ಕಲ್ಲು ಇಡುತ್ತಾರೆ. ಐದು ವರ್ಷದ ಹಿಂದೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹಾಕಿ ತಿರುಗಿ ಬರುವಾಗ ಕತ್ತಲಾಗಿತ್ತು. ನಮ್ಮವರ ಬೈಕು ಆ ಕಲ್ಲಿಗೆ ತಾಗಿ ಜೋಳದ ಮೇಲೆ ಜಾರಿತು. ಅವರಿಗೆ ಮೊಣಕಾಲು ಕೆತ್ತಿತ್ತು ಅಷ್ಟೇ. ನನ್ನ ಬಲಗೈ ಮುರಿಯಿತು.

ಎರಡು ತಿಂಗಳು ದಿನಾ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಚಮಚ ಎಡಗೈ ಕಡೆ ಇಟ್ಟು ಎದ್ದು ಹೋಗುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ನಾನೂ ಪಾಪ, ನೊಂದಿದ್ದಾರೆ ಎಂದು ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆಯನ್ನು ಅವರು ಸಿಟ್ಟು ಎಂದು ತಿಳಿದಿದ್ದರಂತೆ! ಒಂದು ದಿನ ಹಾಲು ಬಿಸಿ ಇತ್ತು, ನಾಲಿಗೆ ಸುಟ್ಟಿತು. ‘ಕೈ ಮುರದ್ರಿ, ಈಗ ನಾಲಿಗಿನೂ ಸುಡತೀರೇನು?’ ಎಂದು ಬೈದೆ. ಅವರು ಕೂತಲ್ಲೇ ಅತ್ತುಬಿಟ್ಟರು. ಮರುದಿನದಿಂದ ಪಕ್ಕದಲ್ಲೇ ಕೂತು ಉಂಡರು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಂಡನ ಮಾತಿದೆ, ಮಾಲೀಕನ ಮಾತಿದೆ, ಬೀಗರು ಬಿಜ್ಜರ ಮಾತಿದೆ. ಅತ್ತೆಯವರ ಮಾತು ಒಂದೂ ಇಲ್ಲ. ಕಾಲು ಅವರದಲ್ಲವೇ? ಕೇಸು ಹಾಕಬೇಕೋ ಬೇಡವೋ, ಮಗನ ಮೇಲೆ ಸಿಟ್ಟಿದೆಯೋ ಇಲ್ಲವೋ, ಯಾರಾದರೂ ಅವರ ಹಾಸಿಗೆ ಪಕ್ಕ ಕೂತು ಕೇಳಿದ್ದೀರಾ? ವಾಕರ್ ಹಿಡಿಸಿ ನಡೆಸುವ ಕೆಲಸವನ್ನೂ ನೀವೇ ಮಾಡಬೇಡಿ, ನಿಮ್ಮವರಿಗೆ ಬಿಡಿ. ಈ ಸಂಕ್ರಮಣಕ್ಕೆ ಅತ್ತೆ ಮಗನ ಕೈಗೆ ಕುಸುರೆಳ್ಳು ಕೊಟ್ಟರಾ ಇಲ್ಲವಾ, ಅದನ್ನೂ ಬರೆಯಿರಿ.
– ಓದುಗಿ, ಹಾವೇರಿ