ಎರಡೂ ತುದಿ ಮುಚ್ಚಿರುವ ಜಡೆ

ವಿಷಯ: ಚರ್ಮದ ಪಟ್ಟಿಯನ್ನೇ ಜಡೆ ಹೆಣೆದು, ಮೇಲೊಂದು ತಂತಿ-ಮಣಿಯ ಹೂ ಕೂರಿಸಿದ ಬ್ರೇಸ್‌ಲೆಟ್. ಮಾತಿಗೆ ಕೂತವರು: ತೊಗಲಿನ ಕೆಲಸದ ಶೀನ, ಮಣಿ ಕೆಲಸದ ಪದ್ದಕ್ಕ, ರಿಟೈರಾದ ಲೆಕ್ಕದ ಮೇಷ್ಟ್ರು, ಮತ್ತೆ ಸುತ್ತಿಗೆ ಹಿಡ್ಕೊಂಡೇ ಬಂದಿರೋ ಗುಂಡ.

ಗುಂಡ: ಟಿಚ್ ಬಟನ್ ಎಲ್ಲಿಗೆ ಬರಬೇಕು ಹೇಳಿ, ಹೊಡೆದುಬಿಡ್ತೀನಿ.

ಶೀನ: ಇಡೋ ಕೆಳಗೆ ಅದನ್ನ. ಚರ್ಮ ಇನ್ನೂ ಕತ್ತರಿಸೇ ಇಲ್ಲ, ಇವನಿಗೆ ಬಟನ್ನು. ಬಟನ್ ಕಟ್ಟಕಡೆಗೆ.

ಗುಂಡ: ಮೊದಲೇ ಹೊಡೆದರೆ ಒಂದು ಕೆಲಸ ಮುಗೀತಲ್ಲ?

ಶೀನ: ಅಲ್ಲಿಗೆ ಎಲ್ಲಾ ಮುಗಿಯುತ್ತೆ. ಈ ಜಡೇಲಿ ಪಟ್ಟಿಯ ತುದಿಯನ್ನೇ ಎಳೆಗಳ ಸಂದಿಯೊಳಗೆ ನುಗ್ಗಿಸಿ ಆಚೆ ತೆಗೀಬೇಕು. ತುದೀಲಿ ಬಟನ್ ಕೂತಿದ್ದರೆ ಸಂದೀಲಿ ಸಿಕ್ಕಿಕೊಳ್ಳುತ್ತೆ, ಮೇಲ್ಮೈಯನ್ನೆಲ್ಲ ಗೀಚುತ್ತೆ. ಅಲ್ದೆ ಹೆಣೆದ ಮೇಲೆ ಉದ್ದ ಎಷ್ಟು ಉಳಿಯುತ್ತೋ ನೋಡಿಕೊಂಡು ತುದಿ ಕತ್ತರಿಸಬೇಕು. ಬಟನ್ ಸಮೇತ ಕತ್ತರಿಸ್ತೀಯಾ?

ಪದ್ದಕ್ಕ: ಚರ್ಮ ಯಾವುದು ತಂದಿದೀಯ ಅಂತ ಮೊದಲು ತೋರ್ಸು. ಹೋದ ಸಲ ರೆಕ್ಸಿನ್ ತಂದು "ಜೆನ್ಯೂನ್" ಅಂದವನು ನೀನು.

ಶೀನ: ಹಿಂದೆ ಬಟ್ಟೆ ಕಂಡರೆ ರೆಕ್ಸಿನ್, ಅಷ್ಟೇ. ಚರ್ಮದಲ್ಲೂ ಎರಡು ಬಗೆ ಇದೆ ಅಕ್ಕ. ಕ್ರೋಮ್ ಅನ್ನೋ ರಾಸಾಯನಿಕದಲ್ಲಿ ಹದ ಮಾಡಿದ್ದು ಮೆತ್ತಗಿರುತ್ತೆ, ಕತ್ತರಿಸಿದ ಅಂಚಲ್ಲಿ ನೀಲಿ-ಬೂದು ಛಾಯೆ ಕಾಣುತ್ತೆ. ಮರದ ತೊಗಟೆಯಲ್ಲಿ ಹದ ಮಾಡಿದ್ದರ ಅಂಚು ಪೂರ್ತಿ ಕಂದು. ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರ್ಕೊಂಡು ಕಪ್ಪಾಗುತ್ತೆ, ಒಣಗಿದ ಮೇಲೆ ಮತ್ತೆ ಮಾಮೂಲು. ನಮಗೆ ಬೇಕಾಗಿರೋದು ಅದು. ಒದ್ದೆ ಮಾಡಿ ಹೆಣೆದರೆ, ಒಣಗಿದಾಗ ಹೆಣೆದ ಆಕಾರದಲ್ಲೇ ನಿಲ್ಲುತ್ತೆ. ಕ್ರೋಮ್ ಚರ್ಮ ಹೇಳಿದ ಮಾತು ಕೇಳಲ್ಲ.

ಮೇಷ್ಟ್ರು: ಅಥಣಿ, ನಿಪ್ಪಾಣಿ ಕಡೆ ಚಪ್ಪಲಿಗೆ ಬಳಸ್ತಾರಲ್ಲ, ಆ ಹದ. ಜಾಲಿ ತೊಗಟೆ, ಅಳಲೆಕಾಯಿ. ಕೊಲ್ಹಾಪುರಿ ಚಪ್ಪಲಿ ಅಂತ ಹೆಸರು ಮಾತ್ರ ಆಚೆಯದು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೆ ಸೇರಿಸಿ. ಆ ಚಪ್ಪಲಿ ಮೇಲೂ ತೊಗಲಿನ ಜಡೆ ಇರುತ್ತೆ, ಗಮನಿಸಿದ್ದೀಯಾ?

ಗುಂಡ: ಚಪ್ಪಲೀನ ಅಷ್ಟು ಹತ್ತಿರದಿಂದ ನೋಡೋ ಸಂದರ್ಭ ಇನ್ನೂ ಬಂದಿಲ್ಲ ಮೇಷ್ಟ್ರೇ.

ಪದ್ದಕ್ಕ: ಹೀಗೇ ಮಾತಾಡ್ತಾ ಇರು, ಬರುತ್ತೆ.

ಶೀನ: ದಪ್ಪ 2 ಮಿ.ಮೀ. ಸಾಕು. 3 ಆದರೆ ಎಳೆ ಬಗ್ಗಲ್ಲ. ಹೊಟ್ಟೆ ಭಾಗದ ಚರ್ಮ ಬೇಡ, ಎಳೆದಷ್ಟೂ ಹಿಗ್ಗುತ್ತೆ. ಬೆನ್ನಿನ ಭಾಗ, ಬೆನ್ನೆಲುಬಿನ ನೇರಕ್ಕೇ ಪಟ್ಟಿ ಕತ್ತರಿಸಬೇಕು. ಅಗಲ 21 ಮಿ.ಮೀ., ತಲಾ 7ರಂತೆ ಮೂರು ಎಳೆ. ಉದ್ದ...

ಮೇಷ್ಟ್ರು: ಉದ್ದ ನಾನು ಹೇಳ್ತೀನಿ. ಮಣಿಕಟ್ಟಿನ ಸುತ್ತಳತೆ 16 ಸೆಂ.ಮೀ. ಅಂತ ಇಟ್ಕೊಳ್ಳಿ. ಹೆಣೆದ ಜಡೆ ಎರಡು ಪದರ, ಅಂದ್ರೆ 4 ಮಿ.ಮೀ. ದಪ್ಪ. ಒಳಗಿನ ಸುತ್ತು 16 ಇರಬೇಕಾದರೆ ನಡು ಸುತ್ತು ಪೈ ಗುಣಿಸು 4, ಸುಮಾರು 12.5 ಮಿ.ಮೀ. ಜಾಸ್ತಿ ಬೇಕು. ಈ 12.5 ಬಿಟ್ಟವರದ್ದೇ ಬಿಗಿಯಾಗೋದು. ಬಟನ್‌ಗೆ ಒಂದರ ಮೇಲೊಂದು ಕೂರೋಕೆ 2.5 ಸೆಂ.ಮೀ. ಜಡೆ ತಿನ್ನೋದು ಒಂದು ಸೆಂ.ಮೀ.ಗೆ ಸ್ವಲ್ಪ ಮೇಲೆ. ಕೊನೇಲಿ ಕತ್ತರಿಸೋಕೆ ಇನ್ನೊಂದು. ಒಟ್ಟು 22.

ಗುಂಡ: ಮೇಷ್ಟ್ರೇ, ಪೈ ಜೀವನದಲ್ಲಿ ಎಲ್ಲೂ ಉಪಯೋಗಕ್ಕೆ ಬರಲ್ಲ ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಶೀನ: ಎರಡೂ ತುದೀಲಿ 3 ಸೆಂ.ಮೀ. ಬಿಟ್ಟು, ನಡುವೆ 16 ಸೆಂ.ಮೀ. ಉದ್ದಕ್ಕೆ ಎರಡು ಸೀಳು. ಮೊದಲು ಸೀಳಿನ ಆರಂಭ, ಕೊನೆ, ನಾಲ್ಕೂ ಕಡೆ 2 ಮಿ.ಮೀ. ತೂತು ಹೊಡಿ. ಆಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಲ್ಲಿ ತೂತಿಂದ ತೂತಿಗೆ ಗೀಚು. ತೂತು ಇಲ್ಲದಿದ್ದರೆ ಹೆಣೆಯುವಾಗ ಸೀಳು ತಾನಾಗಿ ಮುಂದಕ್ಕೆ ಹರಿದು ತುದಿವರೆಗೂ ಹೋಗುತ್ತೆ. ಒಂದೇ ಏಟಿಗೆ ಒತ್ತಿ ಎಳೀಬೇಡ, ಬ್ಲೇಡ್ ಓರೆಯಾಗುತ್ತೆ. ಹಗುರವಾಗಿ ಮೂರ್ನಾಲ್ಕು ಸಲ.

ಗುಂಡ: ಸರಿ. ಈಗ ಮೂರು ಎಳೆ, ಎರಡೂ ಕಡೆ ಅಂಟಿಕೊಂಡಿದೆ. ಬಿಚ್ಚಿರೋ ತುದೀನೇ ಇಲ್ಲ. ಜಡೆ ಹಾಕೋದು ಹೇಗೆ? ಗಮ್ ಹಾಕಿ ಅಂಟಿಸಿದ್ದು ಅಂತ ನಾನು ಅಂದ್ಕೊಂಡಿದ್ದೆ.

ಮೇಷ್ಟ್ರು: (ಕುರ್ಚಿ ಮುಂದಕ್ಕೆ ಎಳೆದುಕೊಂಡು) ಇಲ್ಲೇ ಮಜಾ ಇರೋದು.

ಶೀನ: ತಡೀರಿ ಮೇಷ್ಟ್ರೇ, ಒದ್ದೆ ಮಾಡೋದು ಹೇಳಿಬಿಡ್ತೀನಿ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಒರೆಸಿಡು. ಮೇಲ್ಮೈಗೆ ಮೊದಲಿನ ಬಣ್ಣ ವಾಪಸ್ ಬರೋಕೆ ಶುರುವಾದಾಗ ಕೈ ಹಾಕು. ತೊಟ್ಟಿಕ್ಕುತ್ತಿರುವಾಗಲೇ ಹೆಣೆದರೆ ಎಳೆ ರಬ್ಬರ್ ಆಗಿಬಿಡುತ್ತೆ, ಒಂದು ಉದ್ದ ಒಂದು ಗಿಡ್ಡ. ಉಗುರು ತಗುಲಿದ ಕಡೆಯೆಲ್ಲ ಗುರುತು ಬೀಳುತ್ತೆ, ಹೋಗಲ್ಲ. ಇನ್ನೊಂದು, ಒದ್ದೆ ಚರ್ಮಕ್ಕೆ ಕಬ್ಬಿಣದ ಕ್ಲಿಪ್ ನೇರವಾಗಿ ಹಾಕಬೇಡ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಕೂಡಿಕೊಂಡು ಶಾಯಿ ಕಪ್ಪು ಕಲೆ ಕೂರುತ್ತೆ. ನಡುವೆ ಬಟ್ಟೆ ಚೂರು ಇಡು. ಬಿದ್ದೇ ಹೋದರೆ ನಿಂಬೆರಸ ಹಚ್ಚಿ ನೋಡಬಹುದು, ತಿಳಿಯಾಗುತ್ತೆ.

ಮೇಷ್ಟ್ರು: ಆಯ್ತಾ? ಈಗ ಕೇಳು. ಮೇಲ್ತುದಿ ಕ್ಲಿಪ್ಪಿಗೆ. ಬಲಗಡೆ ಎಳೆಯನ್ನು ನಡುವಿನದರ ಮೇಲೆ ತಾ, ಒಂದು. ಎಡಗಡೆಯದನ್ನು ಈಗ ನಡುವೆ ಇರೋದರ ಮೇಲೆ ತಾ, ಎರಡು. ಮಾಮೂಲಿ ಜಡೆ, ಹೀಗೆ 6 ಹೆಜ್ಜೆ. ಒಂದು ಬಲ ಒಂದು ಎಡ ಸೇರಿ ಒಂದು ಜೋಡಿ. ಪ್ರತಿ ಜೋಡಿಗೂ ಮೂರು ಎಳೆಗಳು ಜಾಗ ಬದಲಾಯಿಸುತ್ತವೆ, ಮೂರನೇ ಜೋಡಿ ಮುಗಿದಾಗ ಎಲ್ಲರೂ ಅವರವರ ಮನೆಗೆ ವಾಪಸ್. ಅದಕ್ಕೇ 6, 12, 18. 8ಕ್ಕೆ ನಿಲ್ಲಿಸಿದರೆ ಎಳೆ ಇನ್ನೊಬ್ಬರ ಮನೇಲಿರುತ್ತೆ, ಎಷ್ಟು ಬಿಡಿಸಿದರೂ ನೆಟ್ಟಗಾಗಲ್ಲ.

ಗುಂಡ: ಮೇಲೆ ಜಡೆ ಆಯ್ತು, ಕೆಳಗೆ ಗೋಜಲು ಆಗಿದೆಯಲ್ಲ?

ಮೇಷ್ಟ್ರು: ಆಗಲೇಬೇಕು. ಮೇಲೆ ಹಾಕಿದ 6 ಹೆಜ್ಜೆ ಕೆಳಗೆ ಉಲ್ಟಾ ಬಿದ್ದಿದೆ. ಮೇಲಿನದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿ. ಕೆಳಗಿನ ಗೋಜಲಲ್ಲಿ ಎಳೆಗಳ ನಡುವೆ ಕಿಂಡಿ ಕಾಣುತ್ತಲ್ಲ, ಆ ಕಿಂಡಿಯೊಳಗೆ ಪಟ್ಟಿಯ ಕೆಳ ತುದಿಯನ್ನೇ ಪೂರ್ತಿ ನುಗ್ಗಿಸಿ ಎಳಿ. ಅರ್ಧ ಬಿಚ್ಚುತ್ತೆ. ಇನ್ನೊಂದು ಕಿಂಡಿ ಕಾಣುತ್ತೆ, ಮತ್ತೆ ನುಗ್ಗಿಸು. ಸಾಮಾನ್ಯವಾಗಿ ಎರಡನೇ ಸಲಕ್ಕೆ ಮೂರೂ ಎಳೆ ನೆಟ್ಟಗೆ ನಿಲ್ಲುತ್ತೆ.

ಗುಂಡ: ಗಂಟು ಬಿಡಿಸೋದರ ಬದಲು ಗಂಟಿನೊಳಗೆ ನುಗ್ಗೋದು! ಆಫೀಸಲ್ಲಿ ನಾನು ಇದನ್ನೇ ಮಾಡ್ತೀನಿ, ಬೈಸ್ಕೋತೀನಿ.

ಪದ್ದಕ್ಕ: ನೀನು ನುಗ್ಗಿ ಅಲ್ಲೇ ಇರ್ತೀಯ. ಇದು ಆಚೆ ಬರುತ್ತೆ.

ಶೀನ: ನುಗ್ಗಿಸಿದ ಮೇಲೆ ಯಾವುದಾದರೂ ಎಳೆಯ ಒರಟು ಮೈ ಮೇಲೆ ಬಂದಿದ್ದರೆ ತುದೀನ ತಿರುವಿ ಸರಿ ಮಾಡ್ಕೋ, ಆಮೇಲೆ ಮುಂದಿನ 6. ಹದಿನಾರು ಸೆಂ.ಮೀ. ಸೀಳಿಗೆ 12 ಹೆಜ್ಜೆ ಅಚ್ಚುಕಟ್ಟು. ಆರಕ್ಕೇ ನಿಲ್ಲಿಸಿದರೆ ಕಿಟಕಿ ಕಿಟಕಿ. 18 ಮಾಡೋಕೆ ಹೋದರೆ ಕೊನೆ ಸುತ್ತಲ್ಲಿ ಕಿಂಡಿ ಇಷ್ಟೇ ಇಷ್ಟಾಗಿ 21 ಮಿ.ಮೀ. ತುದಿ ಹೋಗಲ್ಲ. ಬಲವಂತ ಮಾಡಿದರೆ ಸೀಳಿನ ಮೂಲೆ ಹರಿಯುತ್ತೆ. ಎಲ್ಲ ಆದಮೇಲೆ ಮೇಲ್ಗಡೆ ಬಿಗಿ, ಕೆಳಗಡೆ ಸಡಿಲ ಇದ್ದೇ ಇರುತ್ತೆ. ಬೆರಳಲ್ಲಿ ಒಂದೊಂದೇ ಎಳೆ ಜಗ್ಗಿ ಸಡಿಲವನ್ನು ಉದ್ದಕ್ಕೂ ಹಂಚು. ಕೈ ಆಕಾರಕ್ಕೆ ಬಗ್ಗಿಸಿ ಒಂದು ಲೋಟದ ಸುತ್ತ ಕಟ್ಟಿ, ರಾತ್ರಿಯೆಲ್ಲ ನೆರಳಲ್ಲಿ ಬಿಡು.

ಪದ್ದಕ್ಕ: ಅದು ಒಣಗಲಿ, ನಾನು ಹೂ ಮಾಡ್ತೀನಿ. ಗುಂಡ, 11 ನಂಬರ್ ಮಣಿ ಕೊಡು.

ಗುಂಡ: ಇಲ್ಲಿ 8 ನಂಬರ್ ಇದೆ, ಇನ್ನೂ ಸಣ್ಣದಲ್ವಾ?

ಪದ್ದಕ್ಕ: ಅದು ದೊಡ್ಡದು ಕಣೋ. ಮಣೀಲಿ ನಂಬರ್ ಏರಿದಷ್ಟೂ ಗಾತ್ರ ಇಳಿಯುತ್ತೆ. 8 ಅಂದ್ರೆ ಸುಮಾರು 3 ಮಿ.ಮೀ., 11 ಅಂದ್ರೆ 2. ತಂತಿ ಗೇಜೂ ಅಷ್ಟೇ, 26 ಗೇಜು 0.4 ಮಿ.ಮೀ., 28 ಗೇಜು 0.32. ದಳಕ್ಕೆ 26 ತಗೋ. 28ರಲ್ಲಿ ಮಾಡಿದರೆ ಒಂದು ಸಲ ಬಸ್ ಹತ್ತಿ ಇಳಿಯೋಷ್ಟರಲ್ಲಿ ಹೂ ಬಾಡಿರುತ್ತೆ.

ಗುಂಡ: ಗಾಜಿನ ಹೂವೂ ಬಾಡುತ್ತಾ?

ಪದ್ದಕ್ಕ: ನೋಡ್ತಾ ಇರು. ಐದು ದಳ. ಪ್ರತಿ ದಳಕ್ಕೆ ಒಳ ಸುತ್ತು 13 ಮಣಿ, ಅದನ್ನ ಬಳಸಿಕೊಂಡು ಹೊರ ಸುತ್ತು 19. ಒಟ್ಟು 160, ಎರಡು ಗ್ರಾಂ ತಂದರೆ ಮಿಗುತ್ತೆ. ತಂತಿ ಮೊದಲೇ ಕತ್ತರಿಸಬೇಡ, ರೀಲಿಗೇ ಪೋಣಿಸು. ಕೊನೆಗೆ ಪೋಣಿಸಿದ್ದು ಮೊದಲು ಬರುತ್ತೆ. ಹಾಗಾಗಿ ಒಳಗೆ ಹಳದಿ, ಹೊರಗೆ ಕೆಂಪು ಬೇಕಾದರೆ ಪ್ರತಿ ದಳಕ್ಕೂ ಕೆಂಪು 19ರಿಂದ ಶುರು ಮಾಡಿ ಹಳದಿ 13ಕ್ಕೆ ಮುಗಿಸಬೇಕು. ಉಲ್ಟಾ ಪೋಣಿಸಿದರೆ 160ನ್ನೂ ಸುರಿದು ಮತ್ತೆ ಮೊದಲಿಂದ. ವಕ್ರ ಮಣಿ, ತೂತು ಮುಚ್ಚಿರೋ ಮಣಿ ಆಗಲೇ ಆರಿಸಿ ಎಸೆ.

ಮೇಷ್ಟ್ರು: ತುದಿ ಎಷ್ಟು ಬಿಡಬೇಕು ಪದ್ದಮ್ಮ?

ಪದ್ದಕ್ಕ: 12 ಸೆಂ.ಮೀ. ಮೇಷ್ಟ್ರೇ. 13 ಮಣಿ ಜರುಗಿಸಿ ಕುಣಿಕೆ ಮಾಡಿ, ಬುಡದಲ್ಲಿ ಒಂದೇ ಒಂದು ಪೂರ್ತಿ ಸುತ್ತು ತಿರುಚಬೇಕು. ಗಟ್ಟಿಯಾಗಲಿ ಅಂತ ಮೂರು ನಾಲ್ಕು ತಿರುಚ್ತಾರೆ, ತಂತಿ ಅಲ್ಲೇ ಪೆಡಸಾಗಿ ಪಟ್ ಅನ್ನುತ್ತೆ. ಬಗ್ಗಿಸಿ ಬಗ್ಗಿಸಿ ಬಿಚ್ಚಿದರೂ ಅದೇ ಗತಿ. ಆಮೇಲೆ 19 ಮಣಿಯನ್ನ ಒಳ ಕುಣಿಕೆಯ ಹೊರಗೆ ಬಳಸಿ ತಂದು ಬುಡಕ್ಕೆ ಒಂದು ಸುತ್ತು. ಸುತ್ತುವಾಗ ಒಂದು ಮಣಿಯ ಅರ್ಧದಷ್ಟು ಸಡಿಲ ಬಿಡು. ಪೂರ್ತಿ ಬಿಗಿದರೆ ಮಣಿ ಮಣಿಗೆ ಒತ್ತಿ ಅಂಚು ಚೂರಾಗುತ್ತೆ, ದಳ ಕೊಡೆ ಆಗಿ ಮೇಲೇಳುತ್ತೆ. ಮುಂದಿನ ದಳ ಪಕ್ಕದಲ್ಲೇ, ಸಂದು ಬಿಡದೆ. ಐದಾದ ಮೇಲೆ ರೀಲಿಂದ 12 ಸೆಂ.ಮೀ. ಬಿಟ್ಟು ಕತ್ತರಿಸು. ನಡುವೆ 5 ಮಿ.ಮೀ. ಮುತ್ತು, ಅದಕ್ಕೆ ಬೇರೆ 28 ಗೇಜ್ ತಂತಿ, ದಳಗಳ ಸಂದಿಯಿಂದ ಕೆಳಕ್ಕೆ.

ಶೀನ: ಹೂವನ್ನ ನೇರವಾಗಿ ಜಡೆಗೆ ಬಿಗೀಬೇಡಿ ಅಕ್ಕ, ತಂತಿ ಚರ್ಮಾನ ಕುಯ್ಯುತ್ತೆ. 16 ಮಿ.ಮೀ. ಚರ್ಮದ ಬಿಲ್ಲೆ ಕತ್ತರಿಸಿಟ್ಟಿದ್ದೀನಿ, ನಡುವೆ 4 ಮಿ.ಮೀ. ಅಂತರದಲ್ಲಿ ಎರಡು ತೂತು.

ಪದ್ದಕ್ಕ: ಗೊತ್ತು ಕಣಪ್ಪ. ಬಿಲ್ಲೆಯ ತೂತಿಂದ ತಂತಿ ಇಳಿಸಿ, ಜಡೇಲಿ ಒಂದೆಳೆ ಮೇಲೆ ಒಂದೆಳೆ ಹಾದಿರುತ್ತಲ್ಲ, ಅಲ್ಲಿ ಮೇಲಿನ ಎಳೆಯ ಕೆಳಗೆ ಮಾತ್ರ ತೂರಿಸ್ಬೇಕು. ಕೆಳಗಿನ ಎಳೆ ದಾಟಬಾರದು. ದಾಟಿದರೆ ತಂತಿ ಚರ್ಮಕ್ಕಲ್ಲ, ಹಾಕ್ಕೊಂಡವರ ಚರ್ಮಕ್ಕೆ ತಗುಲುತ್ತೆ. ಇನ್ನೊಂದು ಪಕ್ಕ ಮೇಲಕ್ಕೆ ತಂದು ಬಿಲ್ಲೆಯ ಅಡಿಯಲ್ಲೇ ಎರಡೂ ತುದಿ ತಿರುಚಿ, 5 ಮಿ.ಮೀ. ಬಿಟ್ಟು ಕತ್ತರಿಸಿ, ನೋಸ್ ಪ್ಲೈಯರ್‌ನಲ್ಲಿ ಒಳಮುಖವಾಗಿ ಮಡಚು. ಒಂದು ಹನಿ ಪಾರದರ್ಶಕ ನೇಲ್ ಪಾಲಿಶ್.

ಗುಂಡ: ಫೆವಿಕ್ವಿಕ್ ಇದೆ, ಹಾಕಲಾ?

ಶೀನ, ಪದ್ದಕ್ಕ: (ಒಟ್ಟಿಗೆ) ಬೇಡ!

ಶೀನ: ಅದು ಬಿದ್ದ ಜಾಗದಲ್ಲಿ ಚರ್ಮ ಹಪ್ಪಳವಾಗಿ ಸೀಳುತ್ತೆ, ಸುತ್ತ ಬಿಳಿ ಹೊಗೆ ಕೂರುತ್ತೆ. ಬಿಲ್ಲೆ ಅಂಟಿಸಬೇಕಾದರೆ ಚಪ್ಪಲಿಯವರು ಬಳಸೋ ರಬ್ಬರ್ ಗಮ್ಮು. ಎರಡೂ ಕಡೆ ತೆಳ್ಳಗೆ ಸವರಿ, ಕೈಗಂಟದಷ್ಟು ಒಣಗಿದ ಮೇಲೆ ಒತ್ತೋದು. ತೊಗಲಿನ ನಯದ ಮೈಯನ್ನ ಮೊದಲು ಸ್ವಲ್ಪ ಉಜ್ಜಿ ಒರಟು ಮಾಡ್ಕೋಬೇಕು, ಇಲ್ಲಾಂದ್ರೆ ಸಿಪ್ಪೆ ಎದ್ದು ಬರುತ್ತೆ.

ಪದ್ದಕ್ಕ: ಹೂ ಚಪ್ಪಟೆಯಾಗೇ ಇರಲಿ, ಎತ್ತರ ಒಂದು ಸೆಂ.ಮೀ. ಒಳಗೆ. ಗೋಪುರ ಎಬ್ಬಿಸಿದರೆ ಸೆರಗು, ಸ್ವೆಟರ್ರು, ಪಕ್ಕದವರ ಕೂದಲು ಎಲ್ಲಾ ಸಿಕ್ಕಿಕೊಳ್ಳುತ್ತೆ.

ಗುಂಡ: ಪಕ್ಕದವರ ಕೂದಲು ಸಿಕ್ಕಿಕೊಂಡರೆ ಪರಿಚಯ ಆಗುತ್ತಲ್ಲ ಅಕ್ಕ.

ಪದ್ದಕ್ಕ: ಪೊಲೀಸರ ಪರಿಚಯವೂ ಆಗುತ್ತೆ.

ಶೀನ: ಈಗ ಬಟನ್. ಕೈಗೆ ಸುತ್ತಿ, ಒಂದು ಬೆರಳು ತೂರೋಷ್ಟು ಬಿಟ್ಟು ಗುರುತು ಹಾಕು. ನಾಲ್ಕು ಭಾಗ ಇದೆ. ಮೇಲೆ ಬರೋ ತುದಿಗೆ ಟೋಪಿ ಮತ್ತು ಹೆಣ್ಣು ಭಾಗ, ಕೆಳಗೆ ಬರೋ ತುದಿಗೆ ಕಂಬ ಮತ್ತು ಗಂಡು ಭಾಗ. ಹೆಣ್ಣು ಒಳಮುಖ, ಗಂಡು ಹೊರಮುಖ. ಒಂದು ಸಲ ಜೋಡಿಸಿ ನೋಡಿ, ಆಮೇಲೆ ಹೊಡಿ. ಕಂಬ ಚರ್ಮದಿಂದ 3 ಮಿ.ಮೀ. ಆಚೆ ಕಾಣಬೇಕು. ಜಾಸ್ತಿ ಇದ್ದರೆ ವಾಲಿಕೊಂಡು ಮಡಚುತ್ತೆ, ಕಡಿಮೆ ಇದ್ದರೆ ನಾಲ್ಕು ಸಲ ತೆಗೆದು ಹಾಕೋಷ್ಟರಲ್ಲಿ ಕಿತ್ತು ಬರುತ್ತೆ. ಕೆಳಗೆ ಕಬ್ಬಿಣದ ದಿಮ್ಮಿ ಇರಲಿ. ಅಡುಗೆಮನೆ ಗ್ರಾನೈಟ್ ಅಲ್ಲ.

ಗುಂಡ: ಅದನ್ನೇ ಕೇಳೋಣ ಅಂತಿದ್ದೆ.

ಮೇಷ್ಟ್ರು: ಇದಕ್ಕೆ ಎಣ್ಣೆ ಹಚ್ಚಬೇಡವೇ? ಒದ್ದೆಯಾಗಿ ಒಣಗಿದ ಚರ್ಮ ಬಿರುಸಾಗುತ್ತಲ್ಲ.

ಶೀನ: ಹಚ್ಚಬೇಕು, ಆದರೆ ಹೂ ಕೂರಿಸೋಕೆ ಮುಂಚೆ. ಬಟ್ಟೆಗೆ ಎರಡೇ ಹನಿ ಹಾಕಿ ಸವರಿ ಒಂದು ದಿನ ಬಿಡಿ. ಹೂ ಕೂತ ಮೇಲೆ ಸವರಿದರೆ ಜಿಡ್ಡು ಬಿಲ್ಲೆ ಅಡಿಗೆ ಸೇರಿ, ತಾಮ್ರದ ತಂತೀಲಿ ಹಸಿರು ಮೇಣ ಏಳುತ್ತೆ.

ಪದ್ದಕ್ಕ: ಬೆವರಿಗೂ ಸ್ವಲ್ಪ ಹಸಿರು ಬರುತ್ತೆ. ಲೇಪ ಇರೋ ತಂತಿ ತಂದರೆ ತಡೆಯುತ್ತೆ, ಆದರೆ ಪ್ಲೈಯರ್ ಹಲ್ಲು ಕಚ್ಚಿದ ಕಡೆ ಲೇಪ ಹೋಗಿರುತ್ತೆ. ಹಲ್ಲಿಗೆ ಟೇಪ್ ಸುತ್ತಿಕೊಂಡು ಕೆಲಸ ಮಾಡಿದರೆ ಆಯ್ತು. ಸೆಂಟು ಹೊಡ್ಕೊಂಡ ಮೇಲೆ ಹಾಕ್ಕೋಬೇಕು, ಮುಂಚೆ ಅಲ್ಲ. ಮಳೇಲಿ ನೆಂದರೆ ಬಿಸಿಲಿಗೂ ಇಡಬಾರದು, ಡ್ರೈಯರೂ ಹಿಡೀಬಾರದು, ನೆರಳೇ ಗತಿ. ಪಾತ್ರೆ ತೊಳೆಯುವಾಗ ಬಿಚ್ಚಿಡಬೇಕು.

ಗುಂಡ: ಹಾಗಾದ್ರೆ ನಂದು ಬಾಳಿಕೆ ಬರುತ್ತೆ ಬಿಡಿ.

ಪದ್ದಕ್ಕ: ಈ ಮಾತನ್ನ ಮನೇಲಿ ಹೇಳು, ನೀನು ಎಷ್ಟು ಬಾಳಿಕೆ ಬರ್ತೀಯ ನೋಡೋಣ.