ಚಿಕ್ಕ ಗಡ್ಡೆಗೆ ಇಡೀ ಲೋಬ್ ತೆಗೆಸಲೇಬೇಕಾ?

ಹಾಸನದ ಮಗಳು:
ಅಮ್ಮನಿಗೆ 68 ವರ್ಷ. ಬಲ ಶ್ವಾಸಕೋಶದಲ್ಲಿ ಲೋಬ್ ಅನ್ನುವ ಮೂರು ದೊಡ್ಡ ಭಾಗ ಇರುತ್ತವಂತೆ, ಅದರ ಮೇಲಿನ ಲೋಬ್‌ನಲ್ಲಿ, ಹೊರ ಅಂಚಿನ ಹತ್ತಿರ, 1.6 ಸೆಂ.ಮೀ. ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ಮೂವತ್ತು ವರ್ಷ ಸೌದೆ ಒಲೆ ಮುಂದೆ ಕೂತವರು. ಒಬ್ಬ ಡಾಕ್ಟರ್ ಇಡೀ ಲೋಬ್ ತೆಗೆಯೋಣ ಅಂದರು, ಇನ್ನೊಬ್ಬರು ಸೆಗ್ಮೆಂಟ್, ಅಂದರೆ ಲೋಬ್ ಒಳಗಿನ ಒಂದು ಚಿಕ್ಕ ಭಾಗ, ತೆಗೆದರೆ ಸಾಕು ಅಂತಾರೆ. ಕಡಿಮೆ ತೆಗೆದರೆ ಬೇರು ಒಳಗೇ ಉಳಿಯುತ್ತೇನೋ ಅಂತ ಭಯ. ಯಾರನ್ನ ನಂಬಲಿ?

ಎದೆ ವಾರ್ಡಿನ ನರ್ಸ್:
ಇಬ್ಬರು ಹೇಳಿದ್ದಕ್ಕೂ ಕಾರಣ ಇದೆ ಮೇಡಂ. 1995ರಲ್ಲಿ ಅಮೆರಿಕ ಕಡೆಯ ಒಂದು ಅಧ್ಯಯನ ಬಂತು. ಸ್ವಲ್ಪವೇ ತೆಗೆದವರಲ್ಲಿ ಅದೇ ಜಾಗದ ಸುತ್ತ ಕ್ಯಾನ್ಸರ್ ಮರಳುವುದು ಸುಮಾರು ಮೂರು ಪಟ್ಟು ಜಾಸ್ತಿ ಅಂತ ಕಂಡಿತು. ಆಗಿನಿಂದ ಲೋಬ್ ತೆಗೆಯುವುದೇ ರೂಢಿಯಾಯಿತು. ಆದರೆ ಅದರಲ್ಲಿ 3 ಸೆಂ.ಮೀ.ವರೆಗಿನ ಗಡ್ಡೆಗಳೂ ಇದ್ದವು, ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ಹುಡುಕುವ ಈಗಿನಂಥ ಪೆಟ್ ಸ್ಕ್ಯಾನೂ ಇರಲಿಲ್ಲ. 2022ರಲ್ಲಿ ಜಪಾನಿನವರು 2 ಸೆಂ.ಮೀ. ಒಳಗಿನ, ಅಂಚಿನ ಗಡ್ಡೆ ಇದ್ದ 1106 ಜನರ ಫಲಿತಾಂಶ ಕೊಟ್ಟರು. ಐದು ವರ್ಷಕ್ಕೆ ಬದುಕಿದ್ದವರು ಸೆಗ್ಮೆಂಟ್ ತೆಗೆಸಿದವರಲ್ಲಿ ಶೇ. 94.3, ಲೋಬ್ ತೆಗೆಸಿದವರಲ್ಲಿ ಶೇ. 91.1. ಹಾಗಂತ ನಿಮ್ಮ ಭಯ ಸುಳ್ಳಲ್ಲ, ಎದೆಯೊಳಗೇ ಮರಳಿದ್ದು ಸೆಗ್ಮೆಂಟ್ ತೆಗೆಸಿದವರಲ್ಲಿ ಶೇ. 10.5, ಲೋಬ್ ತೆಗೆಸಿದವರಲ್ಲಿ ಶೇ. 5.4. ಅದಕ್ಕೇ ಆಮೇಲಿನ ಸಿ.ಟಿ. ಸ್ಕ್ಯಾನ್ ಒಂದನ್ನೂ ತಪ್ಪಿಸಬೇಡಿ.

ಮುಖ್ಯವಾಗಿ ಕೇಳಬೇಕಾದ್ದು ಲಿಂಫ್ ನೋಡ್ ಬಗ್ಗೆ, ಅಂದರೆ ಕ್ಯಾನ್ಸರ್ ಹರಡಬಹುದಾದ ಚಿಕ್ಕ ಗ್ರಂಥಿಗಳ ಬಗ್ಗೆ. ಆಪರೇಷನ್ ನಡೆಯುತ್ತಿರುವಾಗಲೇ ಅದನ್ನು ಲ್ಯಾಬಿಗೆ ಕಳಿಸಿ ನೋಡ್ತೀರಾ, ಕ್ಯಾನ್ಸರ್ ಕಂಡರೆ ಲೋಬ್ ತೆಗೀತೀರಾ ಅಂತ ಕೇಳಿ. ಒಂದು ಮಾತು, ನಮ್ಮ ಕಡೆ ಹಳೇ ಟಿ.ಬಿ. ಇದ್ದರೂ ನೋಡ್ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದೆ, ಬರೀ ಸ್ಕ್ಯಾನ್ ನೋಡಿ ಗಾಬರಿಯಾಗಬೇಡಿ.

ಮೈಸೂರಿನವನು:
ನನ್ನ ಅಣ್ಣನಿಗೆ ಸೆಗ್ಮೆಂಟ್ ಮಾತ್ರ ತೆಗೆದರು, ಅವನಿಗೆ ಮೊದಲೇ ಉಬ್ಬಸ ಇತ್ತು, ಲೋಬ್ ಹೋದರೆ ಉಸಿರು ಸಾಲಲ್ಲ ಅಂದಿದ್ದರು. ಗಾಳಿ ಸೋರಿ ಎದೆಯ ಟ್ಯೂಬು ಒಂಬತ್ತು ದಿನ ಇತ್ತು, ಅದೊಂದೇ ಕಷ್ಟವಾಗಿದ್ದು. ಮೂರು ಬಾಲಿನ ಉಸಿರಾಟದ ಸಾಧನ ಈಗಲೇ ತಂದು ಅಮ್ಮನಿಗೆ ಅಭ್ಯಾಸ ಮಾಡಿಸಿ ಅಕ್ಕಾ, ಆಪರೇಷನ್ ಆದಮೇಲೆ ನೋವಲ್ಲಿ ಕಲಿಯಲು ಆಗಲ್ಲ.

ಹಾಸನದ ಮಗಳು:
ಇವತ್ತು ಕೇಳಿದೆ. ನೋಡ್ ಅಲ್ಲೇ ಪರೀಕ್ಷೆ ಮಾಡ್ತಾರಂತೆ, ಕ್ಯಾನ್ಸರ್ ಇದ್ದರೆ ಲೋಬ್ ತೆಗೀತಾರಂತೆ. ಅಮ್ಮನೂ ಒಪ್ಪಿದರು. ಸೋಮವಾರ ಅಡ್ಮಿಟ್.